ನನ್ನ ಕಾಲು, ನನ್ನ ನಾದಿನಿ ಮತ್ತು ದವಾಖಾನೆಯ ಹುಳ

ನನ್ನನ್ನು ಕೆಡವಿದ್ದು ಒಂದು ಮಂಗ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇಳಕಲ್ಲಿನಲ್ಲಿ ಬೇರೆ ಬೇರೆ ಕಥೆಗಳು ಓಡಾಡುತ್ತಿವೆ. ಬಿ.ಪಿ. ಏರಿ ಬಿದ್ದಳು ಎನ್ನುವವರಿದ್ದಾರೆ, ಮೊಬೈಲ್ ನೋಡುತ್ತ ಬಿದ್ದಳು ಎನ್ನುವವರೂ ಇದ್ದಾರೆ. ನಾನು ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನವರನ್ನು ಬಾದಾಮಿಗೆ ಕರೆದುಕೊಂಡು ಹೋಗಿ, ಗುಹೆಗಳ ಮೆಟ್ಟಿಲ ಮೇಲೆ ನಿಂತು ಚಾಲುಕ್ಯರ ಬಗ್ಗೆ ಅದೇ ಭಾಷಣ ಮಾಡುತ್ತೇನೆ. ಆ ಸಲ ಭಾಷಣ ಅರ್ಧಕ್ಕೆ ಬರುವ ಮೊದಲೇ ಹಿಂದಿನಿಂದ ಮಂಗವೊಂದು ನನ್ನ ಬ್ಯಾಗಿಗೆ ಕೈ ಹಾಕಿತು. ಬ್ಯಾಗಿನಲ್ಲಿ ಚಕ್ಕುಲಿ ಇತ್ತು. ನಾನು ಬಿಡಲಿಲ್ಲ, ಅದೂ ಬಿಡಲಿಲ್ಲ. ಸರಕಾರಿ ನೌಕರರ ಹಟ ಎಂಥದ್ದೆಂದು ಮಂಗಕ್ಕೆ ಗೊತ್ತಿರಲಿಲ್ಲ. ಮಂಗನ ಹಟ ಎಂಥದ್ದೆಂದು ನನಗೆ ಗೊತ್ತಾಗುವಷ್ಟರಲ್ಲಿ ನಾನು ಮೆಟ್ಟಿಲ ಬುಡದಲ್ಲಿದ್ದೆ. ಮೊಣಕಾಲಿನ ಕೆಳಗೆ ಚರ್ಮ ಹರಿದು ಎಲುಬು ಹೊರಗೆ ಇಣುಕುತ್ತಿತ್ತು. ಅಷ್ಟು ವರ್ಷಗಳಲ್ಲಿ ನನ್ನ ಶಾಲೆಯ ಮಕ್ಕಳು ಬಾದಾಮಿಯಲ್ಲಿ ಏನನ್ನಾದರೂ ಮನಸ್ಸಿಟ್ಟು ನೋಡಿದ್ದಿದ್ದರೆ ಅದು ಆ ಎಲುಬು.

ಬಾದಾಮಿಯಲ್ಲೇ ಗಾಯ ತೊಳೆದು, ಪಟ್ಟಿ ಕಟ್ಟಿ, ಅಂಬ್ಯುಲನ್ಸಿನಲ್ಲಿ ಬಾಗಲಕೋಟೆಗೆ ಕಳಿಸಿದರು. ನವನಗರದ ಒಂದು ಖಾಸಗಿ ದವಾಖಾನೆಯಲ್ಲಿ ಆಪರೇಶನ್ ಆಯಿತು. ಎಲುಬಿನ ಡಾಕ್ಟರು ಚುರುಕಿನ ಮನುಷ್ಯ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ನೋಡ್ರಿ ಟೀಚರ, ಪ್ಲೇಟು ಹೆಂಗ ಕುಂತೈತಿ! ಹಬ್ಬಕ್ಕ ಮನ್ಯಾಗ ಅಡ್ಡಾಡ್ತೀರಿ." ಯಾವ ಹಬ್ಬ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಜಾಣರಿದ್ದರು.

ಹೆಂಗಸರ ವಾರ್ಡಿನಲ್ಲಿ ನನ್ನ ಪಕ್ಕದ ಮಂಚದ ಮೇಲೆ ಹುನಗುಂದದ ಒಬ್ಬ ಮುದುಕಿ ಇದ್ದಳು. ಸೊಂಟದ ಕೀಲು ಮುರಿದು, ಹೊಸ ಕೀಲು ಹಾಕಿಸಿಕೊಂಡಿದ್ದಳು. ಹಲ್ಲು ಹೆಚ್ಚು ಉಳಿದಿರಲಿಲ್ಲ, ನಾಲಿಗೆ ಮಾತ್ರ ಒಂದು ಚೂರೂ ಸವೆದಿರಲಿಲ್ಲ. ಬಂದವರಿಗೆಲ್ಲ ತನ್ನನ್ನು ಎಮ್ಮೆ ಒದ್ದಿತೆಂದು ಹೇಳುತ್ತಿದ್ದಳು. ಖರೆ ಏನೆಂದರೆ ಬಚ್ಚಲದಲ್ಲಿ ಜಾರಿ ಬಿದ್ದಿದ್ದಳು. ನನಗೆ ಮಾತ್ರ ಒಪ್ಪಿಕೊಂಡಳು.

"ಬಚ್ಚಲದಾಗ ಬಿದ್ದೆ ಅಂದ್ರ ಯಾರ್ ಕೇಳ್ತಾರ ಯವ್ವಾ? ನಿಂದು ನಸೀಬು ಛಲೋ. ನಿನಗ ಮಂಗ್ಯಾ ಸಿಕ್ತು."

ಅವಳಿಗೆ ನೋವಾದಾಗ ಡಾಕ್ಟರನ್ನು ಬೈಯುತ್ತಿದ್ದಳು, ನೋವು ಕಡಿಮೆಯಾದಾಗ ಸೊಸೆಯನ್ನು. ಎರಡೂ ಇಲ್ಲದಾಗ ನನಗೆ ತನ್ನ ಯೌವನದ ಕಥೆಗಳನ್ನು ಹೇಳುತ್ತಿದ್ದಳು. ಅವನ್ನು ಇಲ್ಲಿ ಬರೆಯಲಾಗುವುದಿಲ್ಲ, ನನ್ನ ಹೆಡ್‌ಮಾಸ್ತರರು ಓದುತ್ತಾರೆ.

ಬೆಳಿಗ್ಗೆ ಗಾಯ ಕಟ್ಟುವ ಟ್ರಾಲಿ ಬರುತ್ತಿತ್ತು. ಅದನ್ನು ತಳ್ಳಿಕೊಂಡು ಬರುವ ಸಿಸ್ಟರ್ ಇಡೀ ವಾರ್ಡಿನ ಗಾಯಗಳನ್ನು ಒಬ್ಬಳೇ ನೋಡಬೇಕು. ನಡುವೆ ಸಲೈನ್ ಮುಗಿದವರು ಕೂಗುತ್ತಾರೆ, ಮೇಲಿನ ಮಹಡಿಯಿಂದ ಫೋನು ಬರುತ್ತದೆ. ಅವಳು ಮುದುಕಿಯ ಗಾಯ ಬಿಚ್ಚಿ, ಒರೆಸಿ, ಕಟ್ಟಿ, ಅದೇ ಕೈಗವಸಿನಲ್ಲಿ ನನ್ನ ಕಡೆ ತಿರುಗುತ್ತಿದ್ದಳು. ಔಷಧಿ ಅದೇ ಬಾಟಲಿಯದು, ಹತ್ತಿ ಅದೇ ಡಬ್ಬಿಯದು. ಒಮ್ಮೆ ಮೆಲ್ಲಗೆ ಕೇಳಿದೆ.

"ಸಿಸ್ಟರ್, ಕೈಗವಸ ಬದಲಿ ಮಾಡೂದಿಲ್ಲೇನ್ರಿ?"

"ಎಣಿಸಿ ಕೊಡ್ತಾರ್ರಿ ಟೀಚರ. ನಿಮಗ ಹೊಸಾದು ಹಾಕಿದ್ರ ಆ ಕಡೆ ಮಂಚದಾಕಿಗೆ ಇರೂದಿಲ್ಲ."

"ಕೈಯರ ತೊಳಕೊಳ್ರಿ."

ಅವಳು ಗೋಡೆಯ ನಲ್ಲಿಯ ಕಡೆ ನೋಡಿದಳು. ನಲ್ಲಿಯ ಮೇಲೆ ಕೈ ತೊಳೆಯುವುದು ಹೇಗೆಂಬ ಬಣ್ಣಬಣ್ಣದ ಚಿತ್ರಪಟ ಇತ್ತು. ಬೆರಳ ಸಂದು, ಉಗುರು, ಮಣಿಕಟ್ಟು, ಎಲ್ಲ ಬಿಡಿಸಿ ತೋರಿಸಿದ್ದರು. ಕೆಳಗಿನ ಬೇಸಿನ್ನಿನಲ್ಲಿ ಯಾರೋ ಬಾಳೆಹಣ್ಣಿನ ಚೀಲ ಇಟ್ಟಿದ್ದರು. ಇಡುವುದಕ್ಕೆ ಅದು ಬಹಳ ಸುರಕ್ಷಿತ ಜಾಗ, ಯಾಕೆಂದರೆ ಆ ನಲ್ಲಿಗೆ ಬೆಳಿಗ್ಗೆ ಒಂದಿಷ್ಟು ಹೊತ್ತು ಬಿಟ್ಟರೆ ನೀರು ಬರುತ್ತಲೇ ಇರಲಿಲ್ಲ. ಹಳೆ ಬಾಗಲಕೋಟೆ ನೀರಲ್ಲಿ ಮುಳುಗಿತೆಂದು ಕಟ್ಟಿದ ಊರು ಈ ನವನಗರ. ಊರು ಮುಳುಗಿಸುವಷ್ಟು ನೀರು ಪಕ್ಕದಲ್ಲೇ ಇದೆ. ಕೈ ತೊಳೆಯುವಷ್ಟು ಮಾತ್ರ ಇರಲಿಲ್ಲ.

ಮನೆಗೆ ಹೋಗುವ ಮಾತು ನಡೆದಿದ್ದಾಗಲೇ ಜ್ವರ ಬಂತು. ಹೊಲಿಗೆಯ ಸುತ್ತ ಕೆಂಪಾಯಿತು, ಬಿಸಿಯಾಯಿತು, ಆಮೇಲೆ ವಾಸನೆ. ಡಾಕ್ಟರು ಒಂದು ಇಂಜೆಕ್ಷನ್ ಶುರು ಮಾಡಿದರು. ಜ್ವರ ಇಳಿಯಲಿಲ್ಲ. ಇನ್ನೊಂದು ತಂದರು, ಅದು ಮೊದಲಿನದಕ್ಕಿಂತ ದೊಡ್ಡದು. ಜ್ವರ ಅದನ್ನೂ ನೋಡಿ ಸುಮ್ಮನೆ ಕೂತಿತು. ಕೊನೆಗೆ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ದಿನ ಡಾಕ್ಟರು ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ಕೂತರೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಒಳ್ಳೆಯ ಸುದ್ದಿಯನ್ನು ಅವರು ನಿಂತೇ ಹೇಳುತ್ತಾರೆ.

ರಿಪೋರ್ಟು ನನಗೂ ತೋರಿಸಿದರು. ಎಡಗಡೆ ಔಷಧಿಗಳ ಹೆಸರು, ಬಲಗಡೆ ಒಂದೊಂದೇ ಅಕ್ಷರ. ಆರ್, ಆರ್, ಆರ್, ಆರ್.

"ಆರ್ ಅಂದ್ರ ಏನ್ರಿ?"

"ಆ ಔಷಧಿಗೆ ಹುಳ ಸಾಯೂದಿಲ್ಲ ಅಂತ."

"ಅಂದ್ರ ಇಡೀ ಕ್ಲಾಸ್ ಫೇಲ್ ಅನ್ರಿ."

"ಒಬ್ಬ ಪಾಸ್ ಆಗ್ಯಾನ." ಅವರು ಕೆಳಗಿನ ಸಾಲು ತೋರಿಸಿದರು. "ಭಾಳ ಹಳೇ ಔಷಧ. ಕಿಡ್ನಿ ಕೆಡಸ್ತದ ಅಂತ ಹಿಂದಕ ಮೂಲ್ಯಾಗ ಇಟ್ಟಿದ್ವಿ. ಈಗ ಬ್ಯಾರೆ ಯಾರೂ ಇಲ್ಲ ಅಂತ ಕರಕೊಂಡು ಬಂದೇವಿ."

ಆ ಮಂಗನ ಉಗುರಿನಿಂದ ಬಂತೇ, ಬಾದಾಮಿಯ ಮಣ್ಣಿನಿಂದ ಬಂತೇ ಎಂದು ಕೇಳಿದೆ. ಡಾಕ್ಟರು ಸುಳ್ಳು ಹೇಳಬಹುದಿತ್ತು. ಮಂಗ ಬಂದು ತಕರಾರು ಮಾಡುತ್ತಿರಲಿಲ್ಲ.

"ಮಂಗ್ಯಾಂದಲ್ಲ ಟೀಚರ. ಮಣ್ಣಿನ ಹುಳ ಸಾದಾ ಇರ್ತಾವ, ಸಾದಾ ಔಷಧಿಗೆ ಸಾಯ್ತಾವ. ಇಷ್ಟ್ ಸಾಲಿ ಕಲತಿದ್ದು ದವಾಖಾನ್ಯಾಗಿನ ಹುಳ."

"ಯಾವ ದವಾಖಾನಿ?"

"ನಮ್ದ."

ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತು. ಹುಳಕ್ಕೆ ಅಷ್ಟು ವಿದ್ಯೆ ಕಲಿಸಿದವರು ಬರೀ ದವಾಖಾನೆಯವರಲ್ಲ ಎಂದೂ ಅವರು ಹೇಳಿದರು. ನೆಗಡಿಗೆ, ಭೇದಿಗೆ, ಹಲ್ಲುನೋವಿಗೆ ಎಲ್ಲರೂ ಮೆಡಿಕಲ್ ಅಂಗಡಿಯಿಂದ ಇದೇ ಔಷಧಿಗಳ ಮಾತ್ರೆ ತಂದು, ಎರಡು ನುಂಗಿ ಅರ್ಧಕ್ಕೆ ನಿಲ್ಲಿಸುತ್ತೇವೆ. ಸಾಯದೆ ಉಳಿದ ಹುಳ ಪಾಠ ಕಲಿತುಕೊಂಡು ಹೋಗುತ್ತದೆ. ನನಗೆ ನಮ್ಮ ಶಾಲೆಯ ಸ್ಟಾಫ್ ರೂಮು ಕಣ್ಣಿಗೆ ಕಟ್ಟಿತು. ಅಲ್ಲಿ ಚಾಕ್‌ಪೀಸ್ ಇಲ್ಲದಿದ್ದರೂ ಮಾತ್ರೆ ಇರುತ್ತವೆ. ಪಿ.ಟಿ. ಮಾಸ್ತರರು ಅವನ್ನು ಪೆಪ್ಪರಮೆಂಟಿನ ಹಾಗೆ ಹಂಚುತ್ತಾರೆ.

ನನ್ನನ್ನು ವಾರ್ಡಿನಿಂದ ತೆಗೆದು ವಾರ್ಡುಗಳ ನಡುವಿನ ಓಣಿಯ ತುದಿಯ ಕೋಣೆಗೆ ಹಾಕಿದರು. ಮೊದಲು ಅಲ್ಲಿ ಮುರುಕು ಗಾಲಿಕುರ್ಚಿಗಳಿದ್ದವು. ಅವನ್ನು ಹೊರಗೆ ಹಾಕಿ ನನ್ನನ್ನು ಒಳಗೆ ಹಾಕಿದ್ದರಿಂದ ವಸ್ತುಗಳ ಜಾತಿಯೇನೂ ಬದಲಾಗಲಿಲ್ಲ. ಬಾಗಿಲಿಗೆ ‘ಪ್ರವೇಶವಿಲ್ಲ’ ಎಂದು ಬರೆದು ಅಂಟಿಸಿದರು. ನಮ್ಮ ಜನಕ್ಕೆ ಅದರ ಅರ್ಥ, ಒಳಗೆ ನೋಡತಕ್ಕದ್ದು ಏನೋ ಇದೆ ಎಂದು. ಒಳಗೆ ಬರುವವರು ಹಾಕಿಕೊಳ್ಳಲಿ ಎಂದು ಮೊಳೆಗೆ ಒಂದು ಹಸಿರು ನಿಲುವಂಗಿ ತೂಗುಹಾಕಿದ್ದರು. ಒಂದೇ ಒಂದು. ಬಂದವರೆಲ್ಲ ಅದನ್ನೇ ಹಾಕಿಕೊಂಡು ಬಂದು, ನನ್ನ ಕಾಲು ನೋಡಿ, ಲೊಚಗುಟ್ಟಿ, ಬಿಚ್ಚಿ ಮುಂದಿನವರಿಗೆ ಕೊಟ್ಟು ಹೋಗುತ್ತಿದ್ದರು. ನನ್ನ ಹುಳಗಳಿಗೆ ಅಷ್ಟು ಒಳ್ಳೆಯ ಬಸ್ ಸರ್ವಿಸ್ ಬೇರೆಲ್ಲೂ ಸಿಗುತ್ತಿರಲಿಲ್ಲ. ಹೆಡ್‌ಮಾಸ್ತರರು ಮಾತ್ರ ಹೊಸಿಲು ದಾಟಲಿಲ್ಲ. ಅಲ್ಲಿಂದಲೇ ಪ್ರಾರ್ಥನೆಯ ಹೊತ್ತಿನ ದನಿಯಲ್ಲಿ ಧೈರ್ಯ ಹೇಳಿ, ಸೇಬಿನ ಚೀಲವನ್ನು ಕಾಲಿನಿಂದ ಒಳಕ್ಕೆ ಸರಿಸಿ ಹೋದರು.

ಈಗ ನನ್ನ ಜತೆ ಒಬ್ಬರು ಪೂರ್ತಿ ದಿನ ಇರಬೇಕಿತ್ತು. ಗಂಡ ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಜರ್, ಅವರ ರಜೆಯೆಲ್ಲ ಮುಗಿದಿತ್ತು. ಮಗಳಿಗೆ ಪಿಯುಸಿ ಪರೀಕ್ಷೆ. ಗಂಡ ಎರಡು ದಿನ ಏನೋ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು ಮಾಡಿ, ಮೂರನೆಯ ದಿನ ಅಂದರು:

"ಅಮೀನಗಡದ ಅಕ್ಕನ ಕರೀಲೇನು?"

"ಅದಕ್ಕಿಂತ ಕಾಲಽ ತಗೀಸ್ರಿ" ಎಂದೆ.

ಗಂಡನ ಅಕ್ಕನಾದ ಈ ನಾದಿನಿಗೂ ನನಗೂ ಮಾತು ನಿಂತು ವರ್ಷಗಳಾಗಿದ್ದವು. ನಮ್ಮ ಮನೆಯ ವಾಸ್ತುಶಾಂತಿಯಲ್ಲಿ ನಾನು ಅವಳಿಗೆ ಕೊಟ್ಟ ಸೀರೆಯ ಸೆರಗನ್ನು ಅವಳು ಎಲ್ಲರೆದುರಿಗೆ ಹೆಬ್ಬೆರಳಲ್ಲಿ ಉಜ್ಜಿ ನೋಡಿ, "ಇದು ರೇಷ್ಮಿ ಅಲ್ಲ, ಚಮಕಾ" ಎಂದಿದ್ದಳು. ಸೀರೆಗೆ ಹೆಸರಾದ ಇಳಕಲ್ಲಿನ ಸೊಸೆಗೆ, ಕೊಟ್ಟದ್ದು ನಕಲಿ ರೇಷ್ಮೆ ಎನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅವಳು ವಿಧವೆ, ಅಮೀನಗಡದಲ್ಲಿ ಗಂಡ ಬಿಟ್ಟುಹೋದ ಕರದಂಟಿನ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಆ ಸೀರೆಯಿಂದ ಅಂಗಡಿಯ ನೆಲ ಒರೆಸುತ್ತಾಳೆಂದು ಹೋಗಿ ಬಂದವರೆಲ್ಲ ನನಗೆ ವರದಿ ಒಪ್ಪಿಸುತ್ತಿದ್ದರು.

ಆದರೂ ಬಂದಳು. ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ತನ್ನದೇ ತಂಬಿಗೆ, ಬಕೆಟ್ಟು. ಬಾಗಿಲಲ್ಲಿ ನಿಂತು ಮೊಳೆಯ ನಿಲುವಂಗಿಯನ್ನು ಮೂಸಿ ನೋಡಿದಳು.

"ಇದನ್ನ ಯಾವ ಹೆಣದ ಮೈಮ್ಯಾಲಿಂದ ತಗದಾರ?"

ಅದನ್ನು ಒಯ್ದು ತಾನೇ ಒಗೆದು, ಬಿಸಿಲಿಗೆ ಹಾಕಿ ಬಂದಳು. ನನ್ನ ನಾದಿನಿಗೆ ಮಡಿಯ ಹುಚ್ಚು. ಯಾರು ಮುಟ್ಟಿದರೂ ಕೈ ತೊಳೆಯುವವಳು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮೂಲೆಯಲ್ಲಿ ಕೂತು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವ ತನಕ ನಾನು ಸತ್ತರೂ ಮಾತಾಡುವವಳಲ್ಲ. ಪೂಜೆ ಮುಗಿದ ಮೇಲೆ ಯಾರನ್ನೂ ಬಿಡುವವಳಲ್ಲ. ಕೆಳಗಿನ ಟ್ಯಾಂಕಿನಿಂದ ಬಕೆಟ್ಟಿನಲ್ಲಿ ನೀರು ತಂದು ಬಾಗಿಲ ಪಕ್ಕ ಇಟ್ಟಳು. ಸಾಬೂನು ತಂದಿಟ್ಟಳು. ಬಂದವರಿಗೆಲ್ಲ ಒಂದೇ ಮಾತು: "ಮೊದಲ ಕೈ ತೊಳಕೊಳ್ರಿ, ಆಮ್ಯಾಲೆ ಸುಖದುಃಖ." ತೊಳೆದವರಿಗೆ ಡಬ್ಬಿಯಿಂದ ಒಂದು ತುಂಡು ಕರದಂಟು. ಮರುದಿನದಿಂದ ಸಿಸ್ಟರ್‌ಗಳೆಲ್ಲ ಕೆಲಸವಿಲ್ಲದಿದ್ದರೂ ಬಂದು ಕೈ ತೊಳೆಯತೊಡಗಿದರು.

ನನ್ನೊಂದಿಗೆ ಮಾತ್ರ ನೇರವಾಗಿ ಮಾತಾಡುತ್ತಿರಲಿಲ್ಲ. ಗೋಡೆಗೆ ಹೇಳುತ್ತಿದ್ದಳು. "ಗಂಜಿ ಆರಾಕತ್ತೈತಿ. ಉಣ್ಣೋರು ಉಣಬಹುದು." ನಾನೂ ಗೋಡೆಗೆ ಉತ್ತರಿಸುತ್ತಿದ್ದೆ. ಆ ಗೋಡೆ ಬಹಳ ತಾಳ್ಮೆಯದು.

ಡಾಕ್ಟರ ಬಲ ಮಣಿಕಟ್ಟಿಗೆ ಒಂದು ದಪ್ಪ ಕೆಂಪು ದಾರ ಇತ್ತು, ಯಾವುದೋ ಗುಡಿಯದು. ಬಣ್ಣ ಮಾಸಿ ಕಂದಾಗಿತ್ತು. ಒಂದು ಬೆಳಿಗ್ಗೆ ಅವರು ನನ್ನ ಗಾಯದ ಮೇಲೆ ಬಗ್ಗುತ್ತಿರುವಾಗ ನಾದಿನಿ ಅಡ್ಡ ಬಂದಳು.

"ಡಾಕ್ಟರ್ ಸಾಹೇಬ್ರ, ಆ ದಾರ ಯಾವಾಗ ಕಟ್ಟೀರಿ?"

"ಹ್ವಾದ ವರ್ಷ. ಯಾಕ್ರಿ?"

"ಅವತ್ತಿಂದ ತೊಳದೀರೇನು?"

"ಅದು ದೇವರ ದಾರರೀ!"

"ದೇವರಿಗೂ ದಿನಾ ಜಳಕಾ ಮಾಡಸ್ತೀವಲ್ರಿ."

ಸಿಸ್ಟರ್ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಡಾಕ್ಟರ ಕಿವಿ ಕೆಂಪಾಯಿತು, ಅವರು ಬೇಗ ಬೇಗ ಕೆಲಸ ಮುಗಿಸಿ ಹೋದರು. ಮರುದಿನ ಬಂದಾಗ ಮಣಿಕಟ್ಟು ಬರಿದಾಗಿತ್ತು. ದಾರ ಮೊಣಕೈಯ ಮೇಲೆ, ಅಂಗಿಯ ತೋಳಿನೊಳಗೆ ಹೋಗಿತ್ತು. ನಾದಿನಿ ಎರಡು ದಿನ ಕೊರಳು ಸೆಟೆದು ಓಡಾಡಿದಳು. ನನಗೆ ಅವಳನ್ನು ಸಹಿಸುವುದು ಇನ್ನೂ ಕಷ್ಟವಾಯಿತು.

ಅವಳ ಗರ್ವಕ್ಕೆ ಮದ್ದು ಅವಳೇ ಅರೆದಳು. ಒಂದು ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದವರು ಹಾಗೇ ನಿಂತುಬಿಟ್ಟರು. ನನ್ನ ಗಾಯ ಹಳದಿಯಾಗಿತ್ತು. ಸಾದಾ ಹಳದಿಯಲ್ಲ, ಮದುವೆಮನೆಯ ಹಳದಿ.

"ಸಿಸ್ಟರ್, ಇದೇನಿದು? ನಿನ್ನೆ ಹಿಂಗಿತ್ತೇನು?"

"ಇಲ್ರಿ ಸರ್."

ಅವರು ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಆ ಡಾಕ್ಟರು ಕನ್ನಡಕ ಏರಿಸಿ, ಇಳಿಸಿ, ಇಂಥ ಕೀವನ್ನು ತಾವು ಓದುವಾಗಲೂ ಕಂಡಿಲ್ಲ ಎಂದರು. ಇಬ್ಬರೂ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ಹೊಸ ಹುಳವೇನೋ ಎಂಬ ಸಂಶಯ ಅವರ ಮುಖದಲ್ಲಿತ್ತು. ಜತೆಗೆ ಒಂದು ಚೂರು ಆಸೆಯೂ ಇತ್ತೆಂದು ನನಗೆ ಈಗಲೂ ಅನಿಸುತ್ತದೆ. ಸಿಸ್ಟರ್ ಹತ್ತಿಯ ಕಡ್ಡಿ ತಂದಳು. ಅದನ್ನು ಗಾಯಕ್ಕೆ ತಾಗಿಸುವಷ್ಟರಲ್ಲಿ ಮೂಲೆಯಿಂದ ನಾದಿನಿಯ ಸಣ್ಣ ದನಿ ಬಂತು.

"ಅರಿಷಿಣರಿ."

"ಏನಂದ್ರಿ?"

"ಬನಶಂಕರಿ ಗುಡೀದು. ಪಾದಕ್ಕ ಮುಟ್ಟಿಸಿ ತಂದಿದ್ದು. ಪಟ್ಟಿ ಸಂದ್ಯಾಗಿಂದ ಒಂದ್ ಚಿಟಗಿ ಉದುರಿಸಿದ್ನಿ. ಅರಿಷಿಣ ಹುಳಾ ಕೊಲ್ತೈತಲ್ರಿ."

ಆಮೇಲೆ ಡಾಕ್ಟರು ಬಾಯಿಬಿಟ್ಟದ್ದು ಇಡೀ ಮಹಡಿಗೆ ಕೇಳಿಸಿತು. ದಾರದ ಬಾಕಿಯೆಲ್ಲ ಅದರಲ್ಲಿ ಚುಕ್ತಾ ಆಯಿತು. ಅರಿಷಿಣ ಒಲೆಯ ಮೇಲಿನ ಪಲ್ಯಕ್ಕೆ, ಎಲುಬು ಕಾಣುವ ಗಾಯಕ್ಕಲ್ಲ. ಗುಡಿಯ ಪಾದಕ್ಕೆ ಎಷ್ಟು ಸಾವಿರ ಕೈ ಮುಟ್ಟಿರುತ್ತವೆ. ಇರುವ ಹುಳ ಸಾಲದೆಂದು ಹೊರಗಿನಿಂದ ತಂದು ಹಾಕುತ್ತೀರಾ? ನಾದಿನಿ ತಲೆ ತಗ್ಗಿಸಿ ನಿಂತಿದ್ದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ. ಎಷ್ಟೋ ವರ್ಷ ಆ ದೃಶ್ಯಕ್ಕಾಗಿ ಕಾದಿದ್ದೆ. ಕಣ್ಣಿಗೆ ಬಿದ್ದಾಗ ಮಾತ್ರ ಖುಷಿಯಾಗಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

"ಅಕ್ಕಾರ" ಎಂದು ಕರೆದೆ. ಗೋಡೆಯನ್ನಲ್ಲ, ಅವಳನ್ನು.

"ನಿನ್ನ ಕಾಲ್ ಹೋದ್ರ ತಮ್ಮಗ ಏನಂತ ಮಾರಿ ತೋರಿಸ್ಲಿ? ನನ್ನ ಗಂಡಗೂ ಹಿಂಗ ಆಗಿತ್ತು. ಸಕ್ಕರಿ ಗಾಯ. ಬೆರಳ ತಗದ್ರು, ಪಾದ ತಗದ್ರು, ಮೊಣಕಾಲತನಕ ತಗದ್ರು. ಔಷಧ ನಾಟಲಿಲ್ಲ ಅಂದ್ರು. ಅವಾಗ ನನಗ ಯಾವ ಹುಳ, ಎಲ್ಲಿಂದ ಬಂತು ಅಂತ ಯಾರೂ ಹೇಳ್ಲಿಲ್ಲ. ನಾನಽ ಏನೋ ತಪ್ಪು ಮಾಡೇನಿ ಅಂತ ಇಷ್ಟ್ ವರ್ಷ ಕೈ ತೊಳಕೋತ ಕುಂತೇನಿ."

ಅವಳ ಗಂಡ ತೀರಿಕೊಂಡಾಗ ನಾನು ಮಣ್ಣಿಗೆ ಹೋಗಿ ಬಂದಿದ್ದೆ, ಅಷ್ಟೇ. ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಬಹಳ ಮಾತಾಡಿದೆವು. ಸೀರೆಯ ಮಾತೂ ಬಂತು. ಅದು ಚಮಕಾ ಹೌದೆಂದು ನಾನು ಒಪ್ಪಲಿಲ್ಲ, ಅಲ್ಲವೆಂದು ಅವಳು ಒಪ್ಪಲಿಲ್ಲ. ಅಷ್ಟರ ಮಟ್ಟಿಗೆ ಇಬ್ಬರೂ ಆರೋಗ್ಯವಾಗಿದ್ದೆವು.

ಆ ಹಳೇ ಔಷಧ ನನ್ನ ರಕ್ತಕ್ಕೆ ಇಳಿಯತೊಡಗಿತ್ತು. ತುಟಿಯ ಸುತ್ತ ಇರುವೆ ಹರಿದಂತಾಗುತ್ತಿತ್ತು, ನಾಲಿಗೆ ಮರಗಟ್ಟುತ್ತಿತ್ತು. ಚಾಲುಕ್ಯ ಎಂದರೆ ‘ಛಾಳುಕ್ಕ’ ಎಂದು ಬರುತ್ತಿತ್ತು. ಕಿಡ್ನಿ ಹೇಗಿದೆಯೆಂದು ನೋಡಲು ದಿನಾ ಉಚ್ಚೆ ಅಳೆಯಬೇಕಿತ್ತು. ನಾದಿನಿ ಅಂಗಡಿಯಲ್ಲಿ ತುಪ್ಪ ಅಳೆದ ಕೈಯವಳು. ಅಳತೆಯ ಪಾತ್ರೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಓಣಿಯ ಆ ತುದಿಯ ಸಿಸ್ಟರ್‌ಗೆ ಕೂಗಿ ಹೇಳುತ್ತಿದ್ದಳು. ನನ್ನನ್ನು ನೋಡಲು ಬಂದ ಸಹೋದ್ಯೋಗಿಗಳು ಆ ಅಂಕಿಯನ್ನು ಕೇಳಿಕೊಂಡೇ ಒಳಗೆ ಬರುತ್ತಿದ್ದರು. ಹೆಚ್ಚು ಬಂದ ದಿನ ಅಭಿನಂದಿಸುತ್ತಿದ್ದರು.

ಓಣಿಯಿಂದ ಇನ್ನೊಂದು ದನಿಯೂ ಬರುತ್ತಿತ್ತು. ಹುನಗುಂದದ ಮುದುಕಿಗೂ ಜ್ವರ ಶುರುವಾಗಿತ್ತು. ಅದೇ ಹುಳ, ಅದೇ ಆರ್ ಆರ್ ಆರ್. ಅವಳಿಗೆ ಬೇರೆ ಕೋಣೆ ಇರಲಿಲ್ಲ. ವಾರ್ಡಿನ ಮೂಲೆಯಲ್ಲೇ ಅಡ್ಡ ಪರದೆ ಕಟ್ಟಿದ್ದರು. ಬೆಳಿಗ್ಗೆ ಅವಳನ್ನು ಸ್ಟ್ರೆಚರ್ ಮೇಲೆ ನನ್ನ ಬಾಗಿಲ ಮುಂದಿನಿಂದ ಡ್ರೆಸಿಂಗಿಗೆ ಒಯ್ಯುವಾಗ ಕೂಗುತ್ತಿದ್ದಳು.

"ಟೀಚರ! ಅದಿಯೋ, ಹ್ವಾದಿಯೋ?"

"ಅದೀನಿ ಯವ್ವಾ!"

"ಇರು ಇರು. ನಾ ಮೊದಲ ಹೋಗಾಕಿ. ಸರತಿ ತಪ್ಪಿಸಬ್ಯಾಡ."

ಪ್ಲೇಟು ಇರುವ ತನಕ ಹುಳ ಅದರ ಮೇಲೆ ಮನೆ ಮಾಡಿಕೊಂಡಿರುತ್ತದೆ ಎಂದು ಡಾಕ್ಟರು ಮತ್ತೆ ಆಪರೇಶನ್ ಮಾಡಿ ಪ್ಲೇಟು ತೆಗೆದರು. ಸತ್ತ ಎಲುಬನ್ನು ಕೆರೆದು, ಕಾಲಿನ ಹೊರಗಿಂದ ಕಂಬಿಗಳನ್ನು ತೂರಿಸಿ ಬಿಗಿದರು. ಹಳೇ ಟಿವಿಯ ಅಂಟೆನಾ ಹಾಗಿತ್ತು. ಈ ಸಲ ಜ್ವರ ಇಳಿಯಿತು. ಗಾಯದ ತಳದಿಂದ ಕೆಂಪು ಮಾಂಸ ಮೇಲೆ ಬರತೊಡಗಿತು. ಡಾಕ್ಟರು ಅದನ್ನು ನೋಡಿ ನಿಂತೇ ಮಾತಾಡಿದರು.

ಆ ದಿನಗಳಲ್ಲೇ ಓಣಿಯ ಕೂಗು ನಿಂತಿತು. ನಾದಿನಿಯನ್ನು ಕೇಳಿದೆ.

"ಮನಿಗಿ ಹೋದ್ಲು" ಎಂದಳು.

"ಹೇಳದಽ?"

"ಅವಸರ ಇತ್ತು ಆಕಿಗೆ." ಹಾಗೆಂದು ಅಳತೆಯ ಪಾತ್ರೆ ತೊಳೆಯಲು ಹೋದಳು.

ನಾನು ಹೊರಡುವ ಹೊತ್ತಿಗೆ ವಾರ್ಡಿನ ಟ್ರಾಲಿಯಲ್ಲಿ ಒಬ್ಬೊಬ್ಬ ರೋಗಿಗೂ ಕೈಗವಸು, ಹತ್ತಿಯ ಬೇರೆ ಬೇರೆ ಪೊಟ್ಟಣ ಬಂದಿತ್ತು. ನಲ್ಲಿಯ ಪಕ್ಕ ಒಂದು ನೀಲಿ ಡ್ರಮ್ಮು ಇಟ್ಟು ಅದಕ್ಕೇ ನಲ್ಲಿ ಕೂರಿಸಿದ್ದರು. ಇದಕ್ಕಾಗಿ ಡಾಕ್ಟರು ಮಾಲಕರೊಂದಿಗೆ ಜಗಳ ಆಡಿದರೆಂದು ಸಿಸ್ಟರ್ ಹೇಳಿದಳು. ನನ್ನ ಕಾಲು ಉಳಿಯಿತು. ಸ್ವಲ್ಪ ಗಿಡ್ಡವಾಗಿ ಉಳಿಯಿತು. ಕಂಬಿ ತೆಗೆದ ಮೇಲೂ ನಾನು ಒಂದು ಕಡೆ ವಾಲಿಯೇ ನಡೆಯಬೇಕೆಂದು ಮೊದಲೇ ಹೇಳಿದ್ದರು.

ಗಂಡ ಬಾಡಿಗೆ ಕಾರು ತಂದಿದ್ದರು. ಅಮೀನಗಡ ಬಂತು. ನಾದಿನಿ ಇಳಿಯಲಿಲ್ಲ. "ಇಳಕಲ್‌ತನಕ ಬರ್ತೇನಿ. ನಿಂಗ ಗಾಯ ಕಟ್ಟಾಕ ಬರೂದಿಲ್ಲ" ಎಂದಳು. ಹುನಗುಂದ ಹತ್ತಿರವಾದಾಗ ಡ್ರೈವರ್‌ಗೆ ನಿಲ್ಲಿಸಲು ಹೇಳಿ ನನ್ನ ಕಡೆ ತಿರುಗಿದಳು.

"ಆ ಮುದುಕಿ ಮನಿಗಿ ಹೋಗಿದ್ದು ಖರೆ. ಮಕ್ಕಳು ಇನ್ನ ಸಾಕಂತ ಕರಕೊಂಡ್ ಹೋದ್ರು. ಮನ್ಯಾಗ ತೀರಿದ್ಲು. ನಿನ್ನ ಜ್ವರ ಆಗಷ್ಟ ಇಳಿದಿತ್ತು, ನನಗ ಹೇಳಾಕಾಗ್ಲಿಲ್ಲ."

"ಆಕಿ ಮನಿಗಿ ಹೋಗೂಣು" ಎಂದೆ. ನಾಲಿಗೆ ಮತ್ತೆ ತೊದಲಿತು. ಈ ಸಲ ಔಷಧಿಯ ಕಾರಣದಿಂದಲ್ಲ.

ಮನೆ ಕೇಳಿಕೊಂಡು ಹೋದೆವು. ಬಾಗಿಲು ತೆರೆದವಳು ಅವಳ ಸೊಸೆ, ದವಾಖಾನೆಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದವಳು. ನನ್ನ ಕಾಲಿನ ಕಂಬಿಗಳನ್ನು ನೋಡಿ ಒಳಗೆ ಓಡಿ ಕುರ್ಚಿ ತಂದಳು, ಚಹಾಕ್ಕಿಟ್ಟಳು. ಮುದುಕಿ ಮನೆಗೆ ಬಂದ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ ಕೇಳಿ, ಎರಡು ತುತ್ತು ತಿಂದು, ಉಪ್ಪು ಕಡಿಮೆಯೆಂದು ಬೈದು ಮಲಗಿದಳಂತೆ. ಅವಳ ಕೊನೆಯ ಮಾತು ಉಪ್ಪಿನ ಬಗ್ಗೆಯೇ ಇತ್ತು. ಹೇಳುತ್ತ ಹೇಳುತ್ತ ಸೊಸೆ ತಡೆದಳು. ನನ್ನ ಕಾಲಿನ ಕಡೆ ನೋಡಿದಳು.

"ಒಂದ್ ಮಾತು ಕೇಳ್ಲೇನ್ರಿ ಅಕ್ಕಾರ? ಅಲ್ಲಿ ಯಾರೋ ಅಂದ್ರು, ನಿಮ್ಮ ಕಾಲಿಂದ ನಮ್ಮ ಅತ್ತಿಯವರಿಗೆ ಆ ಹುಳ ಬಂತಂತ. ಖರೇನ್ರಿ?"

ನಾದಿನಿಯ ಕೈ ನನ್ನ ಭುಜದ ಮೇಲೆ ಬಂತು.

"ನನಗ ಗೊತ್ತಿಲ್ಲವ್ವಾ" ಎಂದೆ. "ನನ್ನಿಂದ ಬಂದಿರಬಹುದು. ಆಕಿಯಿಂದ ನನಗ ಬಂದಿರಬಹುದು. ಇಬ್ಬರಿಗೂ ಬ್ಯಾರೆ ಯಾರಿಂದರ ಬಂದಿರಬಹುದು. ಇಬ್ಬರನ್ನೂ ಒಂದಽ ಕೈಲಿ ಒರಸ್ತಿದ್ರು."

ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ಅತ್ತಿ ಇದ್ದಿದ್ರ, ನಾನಽ ಟೀಚರಿಗೆ ಕೊಟ್ಟೆ ಅಂತಿದ್ಲು" ಎಂದಳು. "ಯಾರ ಕೈಲೂ ಏನೂ ಇಸಗೊಂಡಾಕಿ ಅಲ್ರಿ ಆಕಿ."

ಮೊದಲು ನಕ್ಕದ್ದು ನಾದಿನಿ. ಆಮೇಲೆ ಸೊಸೆ. ನಾನೂ ನಗಲು ಹೋದೆ, ಅಳು ಬಂತು. ಒಲೆಯ ಮೇಲೆ ಚಹಾ ಉಕ್ಕಿ ಹರಿಯತೊಡಗಿದಾಗ ಸೊಸೆ ಒಳಗೆ ಓಡಿದಳು. ಸಕ್ಕರೆ ಎಷ್ಟು ಹಾಕಲಿ ಎಂದು ಅಲ್ಲಿಂದಲೇ ಕೂಗಿ ಕೇಳಿದಳು.